ಗ್ರಹಣ ಬಿಟ್ಟ ಮೇಲೆ

2020ರ ಜೂನ್ 21, ಭಾನುವಾರ, ಸೂರ್ಯಗ್ರಹಣ. ಹನುಮಂತನಗರದ ನಮ್ಮನೆಯಲ್ಲಿ ನೀರಿನ ಬಿಂದಿಗೆ, ಹಾಲಿನ ಪಾತ್ರೆ, ಉಪ್ಪಿನಕಾಯಿ ಜಾಡಿ ಎಲ್ಲದಕ್ಕೂ ದರ್ಭೆ ಹಾಕಿ ಜಪಕ್ಕೆ ಕೂರುವಷ್ಟರಲ್ಲಿ ತಂಗಿಯ ಫೋನ್ ಬಂತು. ಅವಳ ಮಗ ಸೈನ್ಯದಲ್ಲಿದ್ದಾನೆ. ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟು ಇನ್ನೂ ವಾರ ತುಂಬಿರಲಿಲ್ಲ. "ಅಕ್ಕಾ, ಡಿಸೆಂಬರ್ ಗ್ರಹಣದಲ್ಲಿ ಧನುಸ್ಸಿನಲ್ಲಿ ಆರು ಗ್ರಹ ಕೂಡಿತ್ತಲ್ಲ, ಈಗ ಮತ್ತೆ ಗ್ರಹಣ. ಯುದ್ಧ ತಪ್ಪಿದ್ದಲ್ಲ ಅಂತ ಟೀವೀಲಿ ಹೇಳ್ತಿದಾರೆ" ಅಂದಳು. ದನಿ ನಡುಗುತ್ತಿತ್ತು.

ನಾನು ಪಂಚಾಂಗ ನಂಬುವವಳು. ಗ್ರಹಣ ಬಿಟ್ಟ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಒಲೆ ಹಚ್ಚಿದವಳಲ್ಲ. ಆದರೂ ಆ ಮಾತನ್ನು ನನ್ನಿಂದ ಒಪ್ಪಲಾಗದು.

ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ, ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣ, ರಾಹುವಲ್ಲ ಎಂದು ಬಿಡಿಸಿ ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ, ಒಂದೇ ಮಾಸದಲ್ಲಿ ಎರಡು ಗ್ರಹಣವಾದರೆ ಸೈನ್ಯದ ಕ್ಷೋಭೆಯಿಂದ ರಾಜರಿಗೆ ಕೇಡು ಎಂದೂ ಬರೆದಿದ್ದಾನೆ. ಆದರೆ ಅಮಾವಾಸ್ಯೆಗೆ ಒಂದು, ಆಚೀಚೆಯ ಹುಣ್ಣಿಮೆಗೆ ಇನ್ನೊಂದು ಗ್ರಹಣವಾಗುವುದು ಅಪರೂಪವೇನಲ್ಲ. ವರ್ಷಕ್ಕೆ ನಾಲ್ಕಾದರೂ ಗ್ರಹಣ ಇದ್ದೇ ಇರುತ್ತವೆ. ಜಗತ್ತಿನಲ್ಲಿ ಯುದ್ಧವಿಲ್ಲದ ವರ್ಷವೂ ಸಿಗುವುದಿಲ್ಲ. ಎರಡನ್ನೂ ಗಂಟು ಹಾಕಲು ಎಷ್ಟು ಹೊತ್ತು ಬೇಕು? 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಕಡೆ ಹಾಡಹಗಲೇ ಸೂರ್ಯ ಪೂರ್ತಿ ಮರೆಯಾದ. ಆ ವರ್ಷ ನಮ್ಮ ದೇಶ ಯಾವ ಯುದ್ಧಕ್ಕೂ ಇಳಿಯಲಿಲ್ಲ. 1999ರ ಆಗಸ್ಟ್ 11ರ ಗ್ರಹಣ ಬರುವಷ್ಟರಲ್ಲಿ ಕಾರ್ಗಿಲ್ ಯುದ್ಧ ಮುಗಿದೇ ಹೋಗಿತ್ತು.

ಹಾಗಾದರೆ ವ್ಯಾಸರು ಹೇಳಿದ್ದು? ಭೀಷ್ಮಪರ್ವದಲ್ಲಿ ಅವರು ಧೃತರಾಷ್ಟ್ರನ ಮುಂದೆ ಕೂತು ಉತ್ಪಾತಗಳನ್ನು ಎಣಿಸುತ್ತಾರೆ. ಒಂದೇ ಮಾಸದಲ್ಲಿ ಸೂರ್ಯಚಂದ್ರರಿಬ್ಬರಿಗೂ ಗ್ರಹಣ, ಅದೂ ತ್ರಯೋದಶಿಯಂದು! ಎಣಿಸಿ ಎದ್ದು ಹೋಗುವುದಿಲ್ಲ. ಈ ಕುಲನಾಶವನ್ನು ನೀನು ತಡೆಯಬಲ್ಲೆ, ತಡೆ ಎನ್ನುತ್ತಾರೆ. ಮಕ್ಕಳು ನನ್ನ ಮಾತು ಕೇಳುವುದಿಲ್ಲ ಎಂದು ಆ ತಂದೆ ಕೈ ಚೆಲ್ಲುತ್ತಾನೆ. ಐದು ಊರು ಕೊಡಲೊಲ್ಲೆ ಎಂದವನು ದುರ್ಯೋಧನ, ರಾಹುವಲ್ಲ. ಶಕುನ ಹೇಳಿದ್ದು ತಡೆಯಲೆಂದು. ತಪ್ಪಿದ್ದಲ್ಲ ಎಂದು ಸಾರಿ, ಕಾಯುತ್ತಿರುವ ತಾಯಿಯ ಎದೆ ಒಡೆಯುವವರು ವ್ಯಾಸರ ಅರ್ಧ ಮಾತನ್ನಷ್ಟೇ ಕೇಳಿಸಿಕೊಂಡವರು.

ನಮ್ಮ ನಾಡಿನ ಶಾಸನಗಳನ್ನು ನೋಡಿ. ಸೂರ್ಯಗ್ರಹಣದಂದು, ಸೋಮಗ್ರಹಣದಂದು ಗುಡಿಗೆ, ಬಸದಿಗೆ, ಅಗ್ರಹಾರಕ್ಕೆ ಭೂಮಿ ಬಿಟ್ಟ ದಾನಗಳು ಎಷ್ಟೊಂದು! ಯುದ್ಧದಲ್ಲೇ ಬದುಕು ಸವೆಸಿದ ಅರಸರು ಅವರು. ಸೂರ್ಯ ಕಂದಿದ ಹೊತ್ತಿನಲ್ಲಿ ಅದೇ ಕೈ ನೀರೆರೆದು ಧಾರಾಪೂರ್ವಕ ಕೊಟ್ಟಿತು. ಅವರಿಗೆ ಅದು ಪುಣ್ಯಕಾಲ. ಇನ್ನೊಬ್ಬರದನ್ನು ಕಸಿಯುವ ಆಸೆಯೇ ಯುದ್ಧದ ಬೇರು. ಕೈಯೆತ್ತಿ ಕೊಡುವುದೇ ಅದಕ್ಕೆ ಶಾಂತಿ ಎಂದು ನನಗೆ ಅರ್ಥವಾದದ್ದು ಆ ಕಲ್ಲುಗಳಿಂದ.

ಇಷ್ಟನ್ನೂ ತಂಗಿಗೆ ಹೇಳಿದೆ. ಒಂದೂವರೆಗೆ ಗ್ರಹಣ ಬಿಟ್ಟಿತು. ಸ್ನಾನ ಮಾಡಿ, ಮೊರದ ತುಂಬ ಗೋಧಿ, ಉದ್ದು ಅಳೆದು, ಬೀದಿ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಕೂಲಿಯಿಲ್ಲದೆ ಕೂತಿದ್ದ ಕಟ್ಟಡ ಕೆಲಸದವರಿಗೆ ಕೊಟ್ಟು ಬಂದೆ. ಸಂಜೆ ಅವಳೇ ಫೋನ್ ಮಾಡಿದಳು. ಅವಳೂ ಅಕ್ಕಿ ಕೊಟ್ಟಿದ್ದಳಂತೆ. "ಮಗನ ಹೆಸರಲ್ಲಿ ಸಂಕಲ್ಪ ಮಾಡ್ತಾ ಮಾಡ್ತಾ, ಗಡಿ ಆಚೆ ಇರೋ ತಾಯಂದಿರೂ ನೆನಪಾದ್ರು ಅಕ್ಕಾ. ಅವರ ಮಕ್ಕಳನ್ನೂ ಸೇರಿಸ್ಕೊಂಡೆ."