ಹಿತ್ತಲ ಓಣಿ

ಒಂದು ಸ್ಥಳವು ಎಲ್ಲರಿಗೂ ಸೇರಿದ್ದೆಂದು ಯಾವಾಗ ಹೇಳಬಹುದು? ಅದಕ್ಕೆ ಬೇಲಿಯಿಲ್ಲದಿದ್ದರೆ ಸಾಕೋ? ಬೆಂಗಳೂರಿನ ಒಂದು ದೃಷ್ಟಾಂತದಿಂದ ಇದನ್ನು ವಿಚಾರಿಸೋಣ.

ಅಲ್ಲಿಯ ಶೇಷಾದ್ರಿಪುರಂ ಎಂಬ ಬಡಾವಣೆಯು 1883ರಿಂದ 1901ರ ವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರವರ ಹೆಸರನ್ನು ಹೊತ್ತಿದೆ. ಅವರ ಕಾಲದಲ್ಲಿಯೇ, 1898ರಲ್ಲಿ, ಪಟ್ಟಣಕ್ಕೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನರು ಸಾಯುವುದನ್ನು ಕಂಡ ಸರಕಾರವು ಶೇಷಾದ್ರಿಪುರದ ನೆರೆಯಲ್ಲಿ ಮಲ್ಲೇಶ್ವರವನ್ನೂ ದಕ್ಷಿಣದಲ್ಲಿ ಬಸವನಗುಡಿಯನ್ನೂ ಬೇಗನೆ ಬೆಳೆಸಿತು. ಅಲ್ಲಿಯ ಬೀದಿಗಳು ನೆಟ್ಟಗೂ ಅಗಲವಾಗಿಯೂ ಇದ್ದವು. ಆದರೆ ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಕಿರಿದಾದ ಓಣಿಯನ್ನೂ ಬಿಟ್ಟರು. ಮನೆಯವರು ಮುಂಬಾಗಿಲಿನಿಂದ ಬರುವರು. ಪಾಯಿಖಾನೆಯ ಮಲವನ್ನು ಎತ್ತುವವರು ಆ ಓಣಿಯಿಂದ ಬಂದು, ಯಾರ ಕಣ್ಣಿಗೂ ಬೀಳದೆ ಹೋಗುವರು. ಹೀಗೆ ಆರೋಗ್ಯಕ್ಕಾಗಿ ಮಾಡಿದ ಏರ್ಪಾಡು ಜಾತಿಗೂ ಊಳಿಗ ಮಾಡಿತು.

ಕಾಲಕ್ರಮದಲ್ಲಿ ನೆಲದಡಿಯ ಚರಂಡಿಗಳು ಬಂದವು. 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಓಣಿಗಳಲ್ಲಿ ಹಲವು ಕಸದ ತಿಪ್ಪೆಗಳಾದವು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಓಣಿಗಳನ್ನು ಶುಚಿಮಾಡಿ, ಗೋಡೆಗಳಿಗೆ ಚಿತ್ರ ಬರೆದು, ಜನರು ನಡೆಯುವುದಕ್ಕೂ ಕೂಡುವುದಕ್ಕೂ ಯೋಗ್ಯವಾಗ ಮಾಡಿದ್ದಾರೆ. ಇದು ಮೆಚ್ಚತಕ್ಕ ಕೆಲಸವೇ ಸರಿ.

ಇಲ್ಲಿ ಒಬ್ಬನು ಹೇಳಾನು: "ದಾರಿ ತೆರೆದಿದೆ, ಬರುವವನು ಬರಲಿ; ಇನ್ನೇನು ಬೇಕು?" ಆದರೆ "ಹಿಂದಿನಿಂದ ಬಾ" ಎಂದು ತಲೆಮಾರುಗಳ ತನಕ ಹೇಳಿಸಿಕೊಂಡವನ ಕಾಲು, ಬಾಗಿಲು ತೆರೆದ ಮಾತ್ರಕ್ಕೆ ಮುಂದೆ ಬರುವದಿಲ್ಲ. ನಮ್ಮ ಹಳ್ಳಿಗಳ ಅರಳೀಕಟ್ಟೆಯನ್ನು ನೆನಸಿರಿ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಅನೇಕ ಊರುಗಳಲ್ಲಿ ಯಾರು ಮೇಲೆ ಕೂಡಬೇಕು, ಯಾರು ಕೆಳಗೆ ನಿಲ್ಲಬೇಕೆಂಬುದನ್ನು ಎಳೆಯ ಮಗುವೂ ಬಲ್ಲದು. ಎಲ್ಲಿಯೂ ಬರೆಯದ ಇಂಥ ಕಟ್ಟಳೆಯು ಮೌನದಿಂದ ಅಳಿಯದು. ಬಾಯಿ ತೆರೆದು ಕರೆದರೆ ಮಾತ್ರ ಅಳಿಯುವದು.

ಬೆಳಗಿನ ಜಾವದಲ್ಲಿ ಓಣಿಯನ್ನು ಗುಡಿಸುವ ಪೌರಕಾರ್ಮಿಕ ಸ್ತ್ರೀಯು ಬಿಸಿಲೇರಿದ ಮೇಲೆ ಅದೇ ಓಣಿಯಲ್ಲಿ ಕೂತು ತನ್ನ ಬುತ್ತಿಯನ್ನು ಬಿಚ್ಚಬಲ್ಲಳೋ? ಪಕ್ಕದಲ್ಲಿದ್ದವನು ಎದ್ದು ಹೋಗದೆ, ಸ್ವಲ್ಪ ಸರಿದು, "ತಾಯಿ, ನೀರು ಬೇಕೇ?" ಎಂದು ಕೇಳುವನೋ? ಹಾಗೆ ಕೇಳಿದ ದಿನ ಆ ಓಣಿಯು ಎಲ್ಲರದಾಯಿತು. ಅಲ್ಲಿಯ ವರೆಗೆ ಅದು ಅಂದವಾದ ಹಿತ್ತಲೇ.

ಆದಕಾರಣ ನೀವು ಊರಲ್ಲಿ ಬಾವಿಗೆ ಕಟ್ಟೆ ಕಟ್ಟಿಸುವಾಗಲೂ ಶಾಲೆಯ ಮುಂದೆ ಚಪ್ಪರ ಹಾಕುವಾಗಲೂ ಮೊದಲು ಇದನ್ನು ಕೇಳಿರಿ: ಇದು ವರೆಗೆ ದೂರ ನಿಂತವರು ಯಾರು? ಕಲ್ಲು ತರಿಸುವ ಮುಂಚೆ ಅವರ ಮನೆಗೆ ಹೋಗಿ ಅವರ ಆಲೋಚನೆಯನ್ನು ಕೇಳಿರಿ. ಯಾಕಂದರೆ ತಾನು ಕೂಡಿ ಯೋಚಿಸಿದ ಸ್ಥಳವನ್ನೇ ಮನುಷ್ಯನು ತನ್ನದೆನ್ನುವನು. ದೂರ ನಿಂತ ಮನೆತನಗಳಿಂದ ಬಂದವರು ನಮ್ಮಲ್ಲಿಯೂ ಅನೇಕರುಂಟು. ನಮಗೆ ಚಾಪೆಯ ಮೇಲೆ ಸ್ಥಳ ಸಿಕ್ಕಿದ ಮೇಲೆ, ಬಾಗಿಲಲ್ಲಿ ನಿಂತ ಮತ್ತೊಬ್ಬನಿಗೆ ಸರಿದು ಕೊಡುವೆವೋ?