ದಿವಾಳಿಯಾದವನ ಮಾನ

ನಮ್ಮ ಪೇಟೆಗಳಲ್ಲಿ ‘ದಿವಾಳಿ’ ಎಂಬುದು ಬೈಗುಳ. ಕಾನೂನಿಗೆ ಹಾಗಲ್ಲ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಪ್ರಕಾರ, ಸಾಲ ತೀರಿಸಲಾಗದವನು ತಾನೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಸಾಲವೆಷ್ಟು, ಕೊಟ್ಟವರು ಯಾರು, ಉಳಿದ ಆಸ್ತಿ ಏನು ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. ಆಸ್ತಿ ಬಚ್ಚಿಟ್ಟರೆ ಅದು ವಂಚನೆ. ಅದಕ್ಕೆ ಶಿಕ್ಷೆಯೂ ಉಂಟು.

ಆ ಕಡತದಲ್ಲಿ ಸಾಲಗಾರನ ಹೆಸರು ಉಳಿಯುತ್ತದೆ. ಅವನು ಗಡುವು ಕೇಳಿ ಬಂದಾಗ ಬಾಗಿಲು ಹಾಕಿದವರ ಕಠಿಣತೆ ಯಾವ ಕಡತದಲ್ಲೂ ಸಿಗುವುದಿಲ್ಲ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕು, ಸಾಲ ಬಿಟ್ಟುಕೊಡುವುದು ಇನ್ನೂ ಉತ್ತಮ ಎಂಬುದು ಕುರ್‌ಆನಿನ (2:280) ಬೋಧನೆ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಇದ್ದಾರೆ (9:60).

ಹೀಗಿರುವಾಗ, ಪ್ರಾಮಾಣಿಕವಾಗಿ ಲೆಕ್ಕ ತೆರೆದಿಟ್ಟವನ ಮಾನ ಹೋಯಿತೆನ್ನುವ ಮೊದಲು, ಅವನಿಗೆ ನಾವು ಎಷ್ಟು ದಿನದ ಗಡುವು ಕೊಟ್ಟೆವು ಎಂದು ಕೇಳಿಕೊಳ್ಳೋಣ.