ಎರಡನೆಯ ಕ್ಯಾಮೆರಾ

ನನ್ನ ಮದುವೆಯ ಆಲ್ಬಮ್ಮಿನಲ್ಲಿ ನನ್ನ ತಾಯಿ ಇಲ್ಲ. 1984ರ ಮೇ ತಿಂಗಳಲ್ಲಿ, ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ, ಮನೆಯಂಗಳಕ್ಕೆ ಚಪ್ಪರ ಹಾಕಿ ಮಾಡಿದ ಮದುವೆ ಅದು. ಫೋಟೋದವರು ಎರಡು ರೀಲು ತೆಗೆದಿದ್ದರು. ಸೋದರಮಾವ ಇದ್ದಾರೆ, ಚಿಕ್ಕಮ್ಮಂದಿರು ಇದ್ದಾರೆ, ಹೆಸರೇ ನೆನಪಿಲ್ಲದ ನೆಂಟರು ಎರಡೆರಡು ಸಲ ಇದ್ದಾರೆ. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪ ತೀರಿಕೊಂಡಿದ್ದರು. ಆದ್ದರಿಂದ ಆ ದಿನ ಅಮ್ಮ ಅಡುಗೆಮನೆಯಲ್ಲೇ ಇದ್ದಳು. ಮುಂದೆ ಬರಬೇಡ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೇ ಇರಲಿಲ್ಲ. ಧಾರೆಯ ಒಂದು ಚಿತ್ರದಲ್ಲಿ ಮಾತ್ರ, ಹಿಂದಿನ ಬಾಗಿಲ ಸಂದಿಯಲ್ಲಿ ಒಂದು ಸೀರೆಯ ಅಂಚು ಕಾಣುತ್ತದೆ. ಕಪ್ಪುಬಿಳುಪಿನ ಚಿತ್ರ. ಆದರೂ ಆ ಅಂಚು ಕಂದು ಬಣ್ಣದ್ದೆಂದು ನನಗೆ ಗೊತ್ತು.

ನನ್ನವರಿಗೆ ಮೂರ್ನಾಡಿನಲ್ಲಿ ಒಂದು ಚಿಕ್ಕ ಸ್ಟುಡಿಯೋ ಇತ್ತು. ಮದುವೆಯಾಗಿ ಬಂದ ಮೇಲೆ ನಾನೂ ಟಚಿಂಗ್ ಕೆಲಸ ಕಲಿತೆ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಸಣ್ಣ ಸಣ್ಣ ಗೆರೆ ಎಳೆಯುವ ಕೆಲಸ ಅದು. ನೆಗೆಟಿವ್‌ನಲ್ಲಿ ಕಪ್ಪು ಕೂಡಿಸಿದಷ್ಟೂ ಪ್ರಿಂಟಿನಲ್ಲಿ ಬಿಳುಪು ಬರುತ್ತದೆ. ಗಂಡಿನ ಮನೆಗೆ ಕಳಿಸುವ ಫೋಟೋ ಎಂದರೆ ಕೇಳುವುದೇ ಬೇಡ, ಹುಡುಗಿಯ ಅಮ್ಮ ಮೆಲ್ಲನೆ ಬಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಎಷ್ಟು ಹೆಣ್ಣುಮಕ್ಕಳ ಮುಖವನ್ನು ನಾನು ಹೀಗೆ ಬೆಳ್ಳಗೆ ಮಾಡಿದ್ದೇನೋ ಲೆಕ್ಕವಿಲ್ಲ. ಅದು ಸುಳ್ಳು ಎಂದು ಆಗ ಅನ್ನಿಸಿರಲಿಲ್ಲ, ಉಪಕಾರ ಎಂದೇ ಅನ್ನಿಸಿತ್ತು. ಆದರೆ ಕ್ಯಾಮೆರಾ ಹಿಡಿದು ಮದುವೆಮನೆಗೆ ಹೋಗುವುದು ಅವರ ಕೆಲಸ. ನಾನು ಕತ್ತಲೆ ಕೋಣೆಯವಳು.

ಅವರು ಹೋದ ಮೇಲೆ ಸ್ಟುಡಿಯೋವನ್ನು ನನ್ನ ತಂಗಿಯ ಮಗ ನಡೆಸುತ್ತಿದ್ದಾನೆ. 2023ರ ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ ಬಂದು, "ದೊಡ್ಡಮ್ಮ, ನಾಳೆ ಕೊಡವರ ಮದುವೆಯೊಂದಿದೆ. ನನ್ನ ಹುಡುಗನಿಗೆ ಜ್ವರ. ಎರಡನೇ ಕ್ಯಾಮೆರಾ ನೀವು ಹಿಡೀತೀರಾ?" ಎಂದ. ನನಗೆ ನಗು ಬಂತು. ಅರವತ್ತು ದಾಟಿದ ಮೇಲೆ ಅಸಿಸ್ಟೆಂಟ್ ಕೆಲಸ! ನಗುವಿನ ಹಿಂದೆ ಅಳುಕೂ ಇತ್ತು. ನಾನೀಗ ಗಂಡನಿಲ್ಲದವಳು. ಮುಹೂರ್ತದ ಹೊತ್ತಿನಲ್ಲಿ ಮದುಮಗಳ ಎದುರಿಗೆ ಹೋಗಿ ನಿಂತರೆ ಯಾರಾದರೂ ಏನಾದರೂ ಅಂದುಕೊಂಡಾರೇ ಎಂಬ ಅಳುಕು. ಕಾನೂನು ಓದಿದ ಮಗಳಿರುವವಳಿಗೂ ಇಂಥ ಅಳುಕು ಬಿಟ್ಟುಹೋಗುವುದಿಲ್ಲ ನೋಡಿ.

ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಸಮಯಕ್ಕೆ ಇಟ್ಟದ್ದು. ಇಲ್ಲದಿದ್ದರೆ ರಾತ್ರಿ ಚಿತ್ರಗಳನ್ನು ಜೋಡಿಸುವಾಗ ಹಿಂದುಮುಂದಾಗುತ್ತವಂತೆ. ಆಮೇಲೆ ಪಾಠ ಹೇಳಿದ: "ನಾನು ಮದುಮಕ್ಕಳನ್ನು ನೋಡುವಾಗ ನೀವು ಅವರನ್ನು ನೋಡಬಾರದು. ಅವರನ್ನು ನೋಡುತ್ತಿರುವವರನ್ನು ನೋಡಿ. ನನ್ನ ಫ್ರೇಮಿಗೆ ಅಡ್ಡ ಬರಬೇಡಿ. ಎಲ್ಲರೂ ಯಾವ ಕಡೆ ತಿರುಗಿದ್ದಾರೋ ಅದಕ್ಕೆ ಬೆನ್ನು ಹಾಕಿ ನಿಲ್ಲಿ." ಅವನು ಹೇಳಿದ್ದು ಕೆಲಸದ ಮಾತು. ನನಗೆ ಮಾತ್ರ ಅದು ದಿನವಿಡೀ ತಲೆಯಲ್ಲಿ ಕುಳಿತಿತ್ತು.

ಮೂರ್ನಾಡಿನಲ್ಲಿ ಇಷ್ಟು ವರ್ಷ ಇದ್ದರೂ ನಾನು ಮದುವೆಗಳಿಗೆ ಊಟದ ಹೊತ್ತಿಗೆ ಹೋಗಿ, ಮುಯ್ಯಿ ಕೊಟ್ಟು ಬರುವವಳು. ಮುಹೂರ್ತವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಕೊಡವರ ಮದುವೆಗೆ ಪುರೋಹಿತರು ಬೇಕಿಲ್ಲ. ಹಿರಿಯರ ಹರಕೆಯೇ ಮಂತ್ರ. ಕೆಂಪು ರೇಷ್ಮೆ ಸೀರೆ ಉಟ್ಟು, ತಲೆಗೆ ವಸ್ತ್ರ ಕಟ್ಟಿ, ಕೊರಳಲ್ಲಿ ಪತ್ತಾಕ್, ಜೋಮಾಲೆ ಧರಿಸಿ ಮದುಮಗಳು ಮುಕ್ಕಾಲಿಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಬೋಜಕ್ಕಾರ್ತಿ. ಹೊರಗೆ ವಾಲಗ. ಒಬ್ಬೊಬ್ಬರಾಗಿ ಬಂದು ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ ಒಂದು ಗುಟುಕು ಹಾಲು ಕುಡಿಸಿ, ಕೈಗೆ ಹಣವಿಟ್ಟು ಹರಸುತ್ತಾರೆ.

ಮೊದಲು ಬಂದವರು ಮದುಮಗಳ ತಾಯಿ. ಗಂಡ ತೀರಿಕೊಂಡು ಆರು ವರ್ಷವಾಗಿದೆ ಎಂದು ನನಗೆ ಗೊತ್ತಿತ್ತು. ಅವರು ಯಾರ ಅಪ್ಪಣೆಯನ್ನೂ ಕಾಯದೆ, ಎಲ್ಲರೆದುರು ನೇರವಾಗಿ ನಡೆದು ಬಂದು ಮಗಳ ತಲೆಗೆ ಅಕ್ಕಿ ಹಾಕಿದರು. ಯಾರೂ ಪಿಸುಗುಟ್ಟಲಿಲ್ಲ. ಯಾರಿಗೂ ಅದು ವಿಶೇಷವೆನಿಸಲೇ ಇಲ್ಲ. ವಿಶೇಷವೆನಿಸಿದ್ದು ನನಗೊಬ್ಬಳಿಗೇ. ಕಣ್ಣು ಮಂಜಾಗಿ, ಆ ಕ್ಷಣದ ಒಂದು ಚಿತ್ರವನ್ನೂ ನಾನು ನೆಟ್ಟಗೆ ತೆಗೆಯಲಿಲ್ಲ. ಕಾರ್ಡಿನಲ್ಲಿ ನಾಲ್ಕು ಅಲುಗಾಡಿದ ಚಿತ್ರಗಳಿವೆ.

ಆಮೇಲೆ ನನಗೆ ಹುಮ್ಮಸ್ಸು ಬಂದುಬಿಟ್ಟಿತು. ಎರಡನೆಯ ಕ್ಯಾಮೆರಾ ಎಂದರೆ ಇದೇ ಅಲ್ಲವೇ, ಮುಂದೆ ಬಾರದವರಿಗಾಗಿ ಇರುವ ಕ್ಯಾಮೆರಾ? 1984ರಲ್ಲಿ ಅಂಥದೊಂದಿದ್ದರೆ ಅದು ಅಡುಗೆಮನೆಗೂ ಬರುತ್ತಿತ್ತು, ನನ್ನಮ್ಮ ಸಿಗುತ್ತಿದ್ದಳು. ಹೀಗೆಂದುಕೊಂಡು ವಾಲಗದವರನ್ನು, ಊಟದ ಸಾಲಿನ ತುದಿಯ ಮುದುಕರನ್ನು, ಕಡುಂಬುಟ್ಟಿನ ಹಬೆಯ ನಡುವೆ ನಿಂತ ಅಡುಗೆಯವರನ್ನು ತೆಗೆಯುತ್ತಾ ಹೋದೆ. ಪಾತ್ರೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಮುಖ ತಿರುಗಿಸಿ, "ಈಗ ಬೇಡಕ್ಕಾ, ಈ ಸೀರೇಲಿ ಬೇಡ. ಮುಖ ತೊಳ್ಕೊಂಡು ಬರ್ತೀನಿ, ಆಮೇಲೆ ತೆಗೀರಿ" ಎಂದಳು. ನಾನು ನಕ್ಕು ಮುಂದೆ ಹೋದೆ. ಆಮೇಲೆ ಮರಳಿ ಬರಲು ಮರೆತೆ. ಅಲ್ಲೇ ನನಗೆ ಪಾಠವಾಗಬೇಕಿತ್ತು, ಆಗಲಿಲ್ಲ.

ಸಂಜೆ, ಗಂಗಾಪೂಜೆಗೆ ಇನ್ನೂ ಹೊತ್ತಿತ್ತು. ಹಿಂಬದಿಯ ಸಾಮಾನಿನ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮದುಮಗಳ ತಾಯಿ ಅಲ್ಲಿ ಒಬ್ಬರೇ, ಮಗುಚಿಟ್ಟ ಕೊಪ್ಪರಿಗೆಯ ಮೇಲೆ ಕುಳಿತಿದ್ದರು. ಎದುರಿಗೆ ಮಗಳ ಪೆಟ್ಟಿಗೆ. ಕೈಯಲ್ಲಿ ಮಗಳು ಮನೆಯಲ್ಲಿ ಹಾಕಿಕೊಳ್ಳುವ ಹಳೆಯ ಸ್ವೆಟರು. ಪೆಟ್ಟಿಗೆಗೆ ಹಾಕುವುದೋ, ಇಟ್ಟುಕೊಳ್ಳುವುದೋ ಎಂಬಂತೆ ಅದನ್ನು ಹಿಡಿದು ಅಳುತ್ತಿದ್ದರು. ಕಿಟಕಿಯ ಬೆಳಕು ಮುಖದ ಒಂದು ಬದಿಗೆ ಬಿದ್ದಿತ್ತು. ನಾನು ಕ್ಲಿಕ್ಕಿಸಿದೆ.

ಸದ್ದಿಗೆ ಅವರು ತಲೆಯೆತ್ತಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ತಟ್ಟನೆ ಎದ್ದು, ಸೆರಗಿನಿಂದ ಮುಖ ಒರೆಸಿ, ತಲೆಯ ವಸ್ತ್ರ ಸರಿಮಾಡಿಕೊಂಡು, ನನ್ನ ಕ್ಯಾಮೆರಾ ನೋಡಿ ನಕ್ಕರು. ಬೆಳಗಿನಿಂದ ನಗುತ್ತಲೇ ಇದ್ದ ಆ ಹೆಂಗಸಿಗೆ ಸಿಕ್ಕಿದ್ದ ಐದು ನಿಮಿಷದ ಬಿಡುವು ಅದು. ಅದನ್ನೂ ನಾನು ಕಸಿದುಕೊಂಡಿದ್ದೆ. "ಸರಿಯಾಗಿ ಬಂತಾ ಅಕ್ಕಾ?" ಎಂದು ಬೇರೆ ಕೇಳಿದರು. ಏನು ಹೇಳಬೇಕೋ ತೋಚದೆ ಇನ್ನೊಂದು ತೆಗೆದೆ.

ರಾತ್ರಿ ಹುಡುಗ ಚಿತ್ರಗಳನ್ನು ನೋಡುತ್ತಾ ಬಂದವನು ಅಲ್ಲಿ ನಿಂತ. "ದೊಡ್ಡಮ್ಮ, ಇಡೀ ಮದುವೆಯಲ್ಲಿ ಇಂಥ ಫೋಟೋ ಇನ್ನೊಂದಿಲ್ಲ. ನಮ್ಮ ಸ್ಟುಡಿಯೋದ ಇನ್‌ಸ್ಟಾಗ್ರಾಮಿಗೆ ಹಾಕೋಣ" ಎಂದ. ಅವರನ್ನು ಕೇಳದೆ ಬೇಡ ಎಂದೆ. "ಕೇಳೋದೇನು? ಮದುವೆ ಫೋಟೋ ಹಾಕಿಕೊಳ್ಳಬಹುದು ಅಂತ ಮೊದಲೇ ಒಪ್ಪಿದ್ದಾರೆ" ಎಂದ. ಒಪ್ಪಿದ್ದರು, ನಿಜ. ಆದರೆ ಆ ಕೋಣೆಯಲ್ಲಿ ನಡೆದದ್ದು ಮದುವೆಯೇ?

ಇದು ನಮ್ಮ ಮೂರ್ನಾಡಿನ ಪ್ರಶ್ನೆ ಮಾತ್ರವಲ್ಲ. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ, ಕ್ಯಾಲಿಫೋರ್ನಿಯಾದ ಕೂಲಿಕಾರರ ಬಿಡಾರವೊಂದರಲ್ಲಿ ಮಕ್ಕಳೊಂದಿಗೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರ ತೆಗೆದಳು. ಬಡತನದ ಆ ಕಾಲಕ್ಕೆ ಅದೇ ಮುಖವಾಗಿ ಲೋಕವೆಲ್ಲ ತಿರುಗಿತು. ಆದರೆ ಲ್ಯಾಂಗ್ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೆ ಬಂದದ್ದು ಏನೂ ಇಲ್ಲ ಎಂಬುದು ಅವಳ ನೋವು. 1983ರಲ್ಲಿ ಅವಳು ಕಾಯಿಲೆ ಬಿದ್ದಾಗ ಆ ಚಿತ್ರವನ್ನು ನೆನೆದೇ ಎಷ್ಟೋ ಜನ ಹಣ ಕಳಿಸಿದರೆಂಬುದೂ ನಿಜ. ಒಂದೇ ಚಿತ್ರ ಕಸಿಯಿತು, ಕೊಟ್ಟಿತು ಕೂಡ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೊಮಾಯಿ ವ್ಯಾರಾವಾಲಾ ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು, ಗಂಡಸರ ನಡುವೆ ನಿಂತು ಕೆಲಸ ಮಾಡಿದವರು. 1970ರಲ್ಲಿ ಅವರು ವೃತ್ತಿಯನ್ನೇ ಬಿಟ್ಟರು. ಹೊಸ ಛಾಯಾಗ್ರಾಹಕರ ನಡವಳಿಕೆ ಅವರಿಗೆ ಹಿಡಿಸಲಿಲ್ಲ. ಎಲ್ಲಿಯವರೆಗೆ ಹೋಗಬಹುದು ಎಂಬ ಗೆರೆ ಅವರ ಮನಸ್ಸಿನಲ್ಲಿ ಇದ್ದಿರಬೇಕು.

ಆ ಗೆರೆ ಎಲ್ಲಿದೆ ಎಂದು ನಾನು ಬಹಳ ಯೋಚಿಸಿದೆ. ಚಿತ್ರದಲ್ಲಿ ಇಲ್ಲದವರು ಎರಡು ಬಗೆ. ಒಬ್ಬರು ಮರೆಗೆ ತಳ್ಳಿಸಿಕೊಂಡವರು. ಇನ್ನೊಬ್ಬರು ತಾವಾಗಿ ಮರೆ ಬಯಸಿದವರು. ನನ್ನಮ್ಮ ಮೊದಲನೆಯ ಬಗೆ. ಅವಳ ಬಳಿಗೆ ಕ್ಯಾಮೆರಾ ಹೋಗದಿದ್ದದ್ದು ಅನ್ಯಾಯ. ಕೊಡಗಿನ ಈ ತಾಯಿ ಎರಡನೆಯ ಬಗೆ. ಅವರ ಬಳಿಗೆ ಕ್ಯಾಮೆರಾ ಹೋದದ್ದೇ ಅನ್ಯಾಯ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಇಬ್ಬರೂ ಹಿಂದಿನ ಕೋಣೆಯಲ್ಲಿ, ಅರೆ ತೆರೆದ ಬಾಗಿಲಿನಾಚೆ. ಯಾರು ಯಾವ ಬಗೆ ಎಂದು ತಿಳಿಯಲು ಕೇಳುವುದೊಂದೇ ದಾರಿ. ಕೇಳಿದರೆ ಆ ಕ್ಷಣ ಹೋಗಿಬಿಡುತ್ತದೆ, ಚಿತ್ರ ಕೆಡುತ್ತದೆ ಎನ್ನುತ್ತಾನೆ ಹುಡುಗ. ಹೌದು, ಕೆಡುತ್ತದೆ. ಕೆಡಲಿ. ಪಾತ್ರೆ ತೊಳೆಯುತ್ತಿದ್ದ ಆ ಹೆಂಗಸು ಹೇಳಿದ್ದು ಅದನ್ನೇ: ನನ್ನನ್ನು ತೆಗಿ, ಆದರೆ ನಾನು ತೋರಬೇಕೆಂದಿರುವ ನನ್ನನ್ನು ತೆಗಿ. ಹಿಂದೆ ಮುಖ ಬೆಳ್ಳಗೆ ಮಾಡುವಾಗ ನಾನು ಕೇಳಿದ್ದು ಅಮ್ಮಂದಿರನ್ನು. ಹುಡುಗಿಯರನ್ನು ಒಮ್ಮೆಯೂ ಕೇಳಿರಲಿಲ್ಲ ಎಂಬುದೂ ಆಗ ನೆನಪಾಯಿತು.

ಒಂದು ವಾರ ಬಿಟ್ಟು ಆ ಚಿತ್ರದ ಒಂದೇ ಒಂದು ಪ್ರಿಂಟು ಹಾಕಿಸಿಕೊಂಡು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ನಾನು ಲಕೋಟೆ ಕೊಟ್ಟು, ಕೇಳದೆ ತೆಗೆದದ್ದು ತಪ್ಪಾಯಿತು ಎಂದೆ. ಅವರು ಬಹಳ ಹೊತ್ತು ನೋಡಿದರು. "ಆ ಸ್ವೆಟರ್ ಕೊನೆಗೆ ನಾನೇ ಇಟ್ಟುಕೊಂಡೆ" ಎಂದರು. ಆಮೇಲೆ, "ಇದನ್ನು ಮಗಳಿಗೆ ಮಾತ್ರ ತೋರಿಸಬೇಡಿ ಅಕ್ಕಾ. ನಾನು ನಗುತ್ತಾ ಕಳಿಸಿದೆ ಅಂತ ಅವಳು ತಿಳಿದಿದ್ದಾಳೆ. ಹಾಗೇ ಇರಲಿ" ಎಂದರು.

ನನ್ನ ಬಾಯಿ ತುದಿಗೆ ಮಾತು ಬಂದಿತ್ತು. ಒಂದು ದಿನ ನಿಮ್ಮ ಮಗಳು ಇದೇ ಚಿತ್ರಕ್ಕಾಗಿ ಹುಡುಕುತ್ತಾಳೆ. ಸೀರೆಯ ಅಂಚೊಂದನ್ನು ನೋಡಿಕೊಂಡು ಕುಳಿತವಳು ನಾನಿದ್ದೇನೆ, ಎಂದು ಹೇಳಬೇಕೆನಿಸಿತು. ಮಗಳಾಗಿ ಅದು ನನಗೆ ಗೊತ್ತಿರುವ ಸತ್ಯ. ಆದರೆ ಆ ಕಣ್ಣೀರು ಅವರದು. ಯಾರಿಗೆ ಯಾವಾಗ ತೋರಿಸಬೇಕೆಂಬ ತೀರ್ಮಾನವೂ ಅವರದೇ. ನಾನು ಸುಮ್ಮನಾದೆ. ಅವರು ಲಕೋಟೆಯನ್ನು ಬೀರುವಿನಲ್ಲಿ, ಬಟ್ಟೆಗಳ ಕೆಳಗೆ ಇಟ್ಟು ಬೀಗ ಹಾಕಿದರು. ಹರಿದು ಹಾಕಲಿಲ್ಲ.

ಮನೆಗೆ ಬಂದು, ಹುಡುಗನ ಎದುರಿಗೇ ಆ ಚಿತ್ರವನ್ನು ಕಂಪ್ಯೂಟರಿನಿಂದಲೂ ಕಾರ್ಡಿನಿಂದಲೂ ಅಳಿಸಿಸಿದೆ. ಅವನು ಹೊಟ್ಟೆ ಉರಿದುಕೊಂಡ. ಈಗಲೂ ಯಾರಾದರೂ ರಜೆ ಹಾಕಿದರೆ ನಾನು ಅವನೊಂದಿಗೆ ಹೋಗುತ್ತೇನೆ. ಎಲ್ಲರೂ ನೋಡುವ ಕಡೆಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಅರೆ ತೆರೆದ ಬಾಗಿಲು ಕಂಡರೆ ಕ್ಯಾಮೆರಾ ಇಳಿಸಿ, ಮೊದಲು ಬಾಗಿಲು ತಟ್ಟುತ್ತೇನೆ.